ಚಿಕ್ಕ ಮಕ್ಕಳ ಜತೆ ಉಡುಪಿಯ ಸುತ್ತ ಒಂದು ದಿನ: ನೆಂಟರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಇರುವುದು ಉಡುಪಿಯಲ್ಲಿ. ಅಂದ ಮೇಲೆ ದಸರಾ ರಜೆ, ಕ್ರಿಸ್‌ಮಸ್ ರಜೆ, ಬೇಸಿಗೆ ರಜೆ ಬಂತೆಂದರೆ ನೆಂಟರು ಬಂದೇ ಬರುತ್ತಾರೆ. ಬೆಂಗಳೂರಿನ ಮೈದುನ, ಹುಬ್ಬಳ್ಳಿಯ ಚಿಕ್ಕಮ್ಮನ ಮಗಳು, ಮೈಸೂರಿನ ಗೆಳತಿ. ಎಲ್ಲರ ಕಂಕುಳಲ್ಲೂ ಒಂದು ಮಗು, ಎಲ್ಲರ ಬಾಯಲ್ಲೂ ಅದೇ ಪ್ರಶ್ನೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಈ ಸಲ ಬರೆದೇ ಇಟ್ಟಿದ್ದೇನೆ. ನಮ್ಮ ಮಗನಿಗೆ ಈಗ ಏಳು, ಮಗಳಿಗೆ ಮೂರೂವರೆ. ಕೆಳಗೆ "ಹೀಗೆ ಮಾಡಬೇಡಿ" ಅಂತ ಬರೆದದ್ದರಲ್ಲಿ ಹೆಚ್ಚಿನದನ್ನು ನಾವೇ ಒಮ್ಮೆ ಮಾಡಿ ಕೈ ಸುಟ್ಟುಕೊಂಡಿದ್ದೇವೆ.

ಒಂದೇ ದಿನ ಇದೆ. ಎಷ್ಟು ಜಾಗ ನೋಡಬಹುದು?

ಒಂದು. ತೀರಾ ಜಾಸ್ತಿ ಅಂದರೆ ಎರಡು.

ನನಗೆ ಗೊತ್ತು, ನೀವು ಬರುವಾಗಲೇ ಪಟ್ಟಿ ಮಾಡಿಕೊಂಡು ಬಂದಿರುತ್ತೀರಿ. ಬೆಳಗ್ಗೆ ಕೃಷ್ಣ ಮಠ, ಆಮೇಲೆ ಮಲ್ಪೆ, ಬೋಟ್ ಹತ್ತಿ ದ್ವೀಪ, ಮಧ್ಯಾಹ್ನ ಕಾಪು ದೀಪಸ್ತಂಭ, ಸಂಜೆ ಆಗುಂಬೆಯಲ್ಲಿ ಸೂರ್ಯಾಸ್ತ. ಮ್ಯಾಪಿನಲ್ಲಿ ನೋಡಿದರೆ ಎಲ್ಲ ಹತ್ತಿರವೇ ಕಾಣುತ್ತದೆ. ಮೈದುನ ಒಂದು ಸಲ ಹಠ ಹಿಡಿದು ಇದನ್ನೇ ಮಾಡಿದ. ಆಗುಂಬೆ ಮುಟ್ಟುವಾಗ ಹಿಂದಿನ ಸೀಟಿನಲ್ಲಿ ಮೂರೂ ಮಕ್ಕಳು ಬಾಯಿ ತೆರೆದು ನಿದ್ದೆ. ಮೋಡ ಕವಿದಿತ್ತು, ಸೂರ್ಯನೂ ಕಾಣಲಿಲ್ಲ. ಮರುದಿನ ಅವನ ಮಗಳನ್ನು "ನಿನ್ನೆ ಏನೇನು ನೋಡಿದೆ ಪುಟ್ಟಾ?" ಅಂತ ಕೇಳಿದರೆ, "ಕಾರಲ್ಲಿ ಚಿಪ್ಸ್ ತಿಂದೆ" ಅಂದಳು.

ದೊಡ್ಡವರಿಗೆ ಜಾಗ ನೋಡಬೇಕು. ಮಕ್ಕಳಿಗೆ ಆಡಬೇಕು. ಒಂದೇ ಕಡೆ ಮೂರು ಗಂಟೆ ಬಿಟ್ಟರೆ ಮಾತ್ರ ಅವರು ಆ ಜಾಗವನ್ನು ನಿಜವಾಗಿ ನೋಡುತ್ತಾರೆ. ಮೊದಲ ಅರ್ಧ ಗಂಟೆ ಬರೀ ಓಡಾಟ, ಕಿರುಚಾಟ. ನೋಡುವುದು ಆಮೇಲೆ ಶುರುವಾಗುತ್ತದೆ. ನಾವು ಸಾಮಾನ್ಯವಾಗಿ ಹೊರಡುವುದೇ ಆ ಹೊತ್ತಿಗೆ!

ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದು?

ನವೆಂಬರಿನಿಂದ ಫೆಬ್ರವರಿ. ಬೆಳಗ್ಗೆ ಹಿತವಾಗಿರುತ್ತದೆ, ಕಡಲು ಶಾಂತ, ಬೋಟುಗಳು ಓಡುತ್ತಿರುತ್ತವೆ. ಮಾರ್ಚ್ ದಾಟಿತೋ, ಸೆಕೆ. ಬಿಸಿಲು ಬೇರೆ, ಸೆಕೆ ಬೇರೆ. ನಿಮ್ಮೂರಲ್ಲಿ ಬಿಸಿಲಿರಬಹುದು, ನೆರಳಿಗೆ ಹೋದರೆ ತಂಪು. ಇಲ್ಲಿ ನೆರಳಲ್ಲಿ ಕೂತರೂ ಬೆವರು ಇಳಿಯುತ್ತಲೇ ಇರುತ್ತದೆ, ಚಿಕ್ಕ ಮಕ್ಕಳ ಕತ್ತಿನ ಸುತ್ತ ಬೆವರುಸಾಲೆ ಏಳುತ್ತದೆ. ಮೇ ತಿಂಗಳಲ್ಲೇ ಬರುವುದಾದರೆ ಬೆಳಗ್ಗೆ ಆರೂವರೆಗೆ ಹೊರಟು ಹತ್ತಕ್ಕೆ ಮನೆ ಸೇರಿ. ಮತ್ತೆ ಹೊರಬೀಳುವುದು ನಾಲ್ಕರ ಮೇಲೆ.

ಜೂನ್‌ನಿಂದ ಸೆಪ್ಟೆಂಬರ್ ಮಳೆ. ಅದಕ್ಕೆ ಬೇರೆ ಉತ್ತರ ಕೆಳಗಿದೆ.

ಮಗುವಿಗೆ ಎರಡೂ ತುಂಬಿಲ್ಲ. ಕರೆದುಕೊಂಡು ಹೋಗಬಹುದಾ?

ಧಾರಾಳವಾಗಿ. ಆದರೆ ದೂರ ಬೇಡ. ಮಣಿಪಾಲದ ಮಣ್ಣಪಳ್ಳ ಕೆರೆಯ ಸುತ್ತ ನಡೆಯಲು ದಾರಿ ಇದೆ, ಮರಗಳಿವೆ, ಹಕ್ಕಿಗಳಿವೆ. ಮಣಿಪಾಲದ್ದೇ ಎಂಡ್ ಪಾಯಿಂಟ್‌ನಲ್ಲಿ ಹುಲ್ಲಿನ ಮೇಲೆ ಬಿಟ್ಟರೆ ಮಗು ಅದರ ಪಾಡಿಗೆ ಆಡುತ್ತದೆ. ನೀವು ಕೆಳಗೆ ಸ್ವರ್ಣಾ ನದಿ ಹಸಿರಿನ ನಡುವೆ ಬಳುಕುವುದನ್ನು ನೋಡಿಕೊಂಡು ಕೂರಬಹುದು. ಅಂಚಿನಲ್ಲಿ ಇಳಿಜಾರು ಇದೆ, ಅಷ್ಟು ಜಾಗ್ರತೆ.

ಸೇಂಟ್ ಮೇರೀಸ್ ದ್ವೀಪಕ್ಕೆ ಮಕ್ಕಳ ಜತೆ ಹೋಗಬಹುದಾ?

ಹೋಗಿ. ನಮ್ಮ ಕಡೆ ಇರುವ ಜಾಗಗಳಲ್ಲಿ ಬೇರೆಲ್ಲೂ ಸಿಗದ್ದು ಅಂದರೆ ಇದೊಂದೇ. ಹಳಬರು ಇದನ್ನು ತೋನ್ಸೆಪಾರ್ ಅನ್ನುತ್ತಾರೆ. ಮಲ್ಪೆಯಿಂದ ಸುಮಾರು 6 ಕಿಲೋಮೀಟರ್. ಬೋಟಿನಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ. ಮಳೆಗಾಲದಲ್ಲಿ ಬೋಟ್ ಇಲ್ಲ.

ನಾವು ಮೊದಲ ಸಲ ಹೋದದ್ದು ಮೇ ತಿಂಗಳ ಒಂದು ಭಾನುವಾರ, ಅದೂ ಹನ್ನೊಂದು ಗಂಟೆಗೆ. ಬುದ್ಧಿ ಇಲ್ಲದವರ ಹಾಗೆ. ಮಗನಿಗೆ ಆಗ ನಾಲ್ಕು. ಬೋಟಿನಲ್ಲಿ ಒದ್ದೆಯಾಗುತ್ತದೆ ಅಂತ ಅವನ ಚಪ್ಪಲಿಯನ್ನು ಕಾರಿನಲ್ಲೇ ಬಿಟ್ಟಿದ್ದೆ. ದ್ವೀಪದಲ್ಲಿ ಇಳಿದು ನಾಲ್ಕು ಹೆಜ್ಜೆ ಇಟ್ಟ, ಅಷ್ಟೇ. "ಅಮ್ಮಾ ಕಾಲು, ಕಾಲು" ಅಂತ ಒಂದೇ ಸಮನೆ ಕೂಗು. ಕಪ್ಪು ಕಲ್ಲು ಕಾವಲಿಯ ಹಾಗೆ ಕಾದಿತ್ತು. ಆಮೇಲೆ ಇಡೀ ದ್ವೀಪವನ್ನು ಅವನು ನೋಡಿದ್ದು ಇವರ ಹೆಗಲ ಮೇಲಿಂದ. ವಾಪಸ್ ಬರುವ ಬೋಟಿಗೆ ಉದ್ದ ಸಾಲು, ತಲೆಯ ಮೇಲೆ ನೆರಳಿಲ್ಲ, ಬಾಟಲಿಯಲ್ಲಿ ನೀರಿಲ್ಲ.

ಹಾಗಾಗಿ ನನ್ನ ಕಡೆಯಿಂದ ನಾಲ್ಕು ಮಾತು. ದಿನದ ಮೊದಲ ಬೋಟುಗಳಲ್ಲಿ ಹೋಗಿ, ಆದಷ್ಟು ವಾರದ ದಿನ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿಸಿ, ಹವಾಯಿ ಚಪ್ಪಲಿ ಕಲ್ಲಿನ ಮೇಲೆ ಜಾರುತ್ತದೆ. ಒಬ್ಬರಿಗೆ ಒಂದು ಬಾಟಲಿ ಲೆಕ್ಕದಲ್ಲಿ ನೀರು ಒಯ್ಯಿರಿ. ಬೋಟ್ ಹತ್ತುವ ಮೊದಲು ಮಲ್ಪೆಯಲ್ಲೇ ಎಲ್ಲರೂ ಶೌಚಾಲಯಕ್ಕೆ ಹೋಗಿ ಬನ್ನಿ. "ಈಗ ಬರ್ತಾ ಇಲ್ಲ" ಅನ್ನುವ ಮಗುವನ್ನೂ ಕಳಿಸಿ. ಬೋಟಿನಲ್ಲಿ ಲೈಫ್ ಜಾಕೆಟ್ ಕೊಡುತ್ತಾರೆ. ಮಗುವಿಗೆ ಅದು ದೊಡ್ಡದಾದರೆ ಚಿಕ್ಕದು ಕೇಳಿ ತೆಗೆದುಕೊಳ್ಳಿ, ಸುಮ್ನೆ ನಾಚಿಕೊಳ್ಳಬೇಡಿ. ಸಡಿಲ ಜಾಕೆಟ್ ನೀರಿನಲ್ಲಿ ತಲೆಯ ಮೇಲಿಂದ ಜಾರಿ ಹೋಗುತ್ತದೆ. ಹತ್ತುವಾಗ ಇಳಿಯುವಾಗ ಬೋಟ್ ಅಲುಗಾಡುತ್ತದೆ, ಮಗು ಎತ್ತಿಕೊಂಡವರ ಇನ್ನೊಂದು ಕೈ ಖಾಲಿ ಇರಲಿ.

ದ್ವೀಪದಲ್ಲಿ ನೀರಿಗೆ ಇಳಿಯುವ ಆಸೆ ಬಿಡಿ. ಬಂಡೆಗಳ ಸಂದಿಯಲ್ಲಿ ತೆರೆ ಎಳೆಯುವ ಜೋರು ಮೇಲಿಂದ ಗೊತ್ತಾಗುವುದಿಲ್ಲ. ಎಚ್ಚರಿಕೆಯ ಫಲಕ ಇರುವ ಕಡೆ ಫೋಟೋಗಾಗಿಯೂ ಹೋಗಬೇಡಿ.

ಬರೀ ಕಲ್ಲು ಅಲ್ವಾ? ಮಕ್ಕಳಿಗೆ ಬೇಜಾರಾಗುವುದಿಲ್ವಾ?

ಕತೆ ಹೇಳಿದರೆ ಆಗುವುದಿಲ್ಲ. ಮಗನಿಗೆ ಹೇಳಿದ್ದನ್ನೇ ಬರೆಯುತ್ತೇನೆ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕೆಸರು ಒಣಗಿ ಬಿರುಕು ಬಿಡುತ್ತದಲ್ಲ, ಹಂಚಿನ ಚೂರುಗಳನ್ನು ಜೋಡಿಸಿಟ್ಟ ಹಾಗೆ? ಒಣಗಿದಾಗ ಕೆಸರು ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ಇಲ್ಲಿಯೂ ಆದದ್ದು ಅದೇ. ಕೆಸರಿನ ಬದಲು ನೆಲದೊಳಗಿಂದ ಉಕ್ಕಿ ಬಂದ ಲಾವಾ. ಅದು ಮೇಲಿನಿಂದ ಆರುತ್ತಾ ಕುಗ್ಗುತ್ತಾ ಬಂತು. ಬಿರುಕುಗಳು ಕೆಳಗೆ ಕೆಳಗೆ ಇಳಿದವು. ಕಡೆಗೆ ಕಲ್ಲು ಉದ್ದುದ್ದ ಕಂಬಗಳಾಗಿ ನಿಂತಿತು. ಹೆಚ್ಚಿನ ಕಂಬಗಳಿಗೆ ಐದು, ಆರು ಅಥವಾ ಏಳು ಮೂಲೆ. ಇದೆಲ್ಲ ಆದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ. ಆಗ ಮಡಗಾಸ್ಕರ್ ನಮಗೆ ಅಂಟಿಕೊಂಡೇ ಇತ್ತು. ಅದು ಬೇರೆಯಾಗುವ ಹೊತ್ತಿನಲ್ಲಿ ನೆಲ ಬಿರಿದು ಉಕ್ಕಿದ ಲಾವಾ ಇದು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ಅದಕ್ಕೇ ಈ ಜಾಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿಯ ಹೆಸರಿಟ್ಟ ಅನ್ನುವ ಮಾತೂ ಇದೆ. ನನ್ನ ಮಗನಿಗೆ ಗಾಮನಲ್ಲಿ ಆಸಕ್ತಿ ಇಲ್ಲ.

ಅವನಿಗೆ ಕೊಟ್ಟ ಕೆಲಸ ಒಂದೇ: ಪ್ರತಿ ಕಂಬದ ಮೂಲೆ ಎಣಿಸು. ಎರಡನೇ ಸಲ ಹೋದಾಗ ಒಂದು ಗಂಟೆ ಎಣಿಸಿದ. ನಾಲ್ಕು ಮೂಲೆಯ ಕಂಬವೊಂದು ಸಿಕ್ಕಿತು ಅಂತ ಇವತ್ತಿಗೂ ಹೇಳುತ್ತಾನೆ. ಇರಬಹುದು, ನಾನು ಆಗ ಬೊಂಡ, ಅಂದರೆ ಎಳನೀರು, ಕುಡಿಯುತ್ತಾ ಇದ್ದೆ.

ಮಕ್ಕಳನ್ನು ಕಡಲಿಗೆ ಇಳಿಸಬಹುದಾ?

ನಮ್ಮ ಮನೆಯ ಕಾನೂನು: ಮಗುವಿನ ಮೊಣಕಾಲಿನ ತನಕ ನೀರು, ನಿಮ್ಮ ಮೊಣಕಾಲಿನ ತನಕ ಅಲ್ಲ. ಮತ್ತೆ ದೊಡ್ಡವರು ನಿಲ್ಲಬೇಕಾದದ್ದು ಮಗುವಿಗಿಂತ ಕಡಲಿನ ಕಡೆಗೆ. ಹೆಚ್ಚಿನವರು ದಡದ ಕಡೆ ನಿಂತು ಫೋನ್ ಹಿಡಿದಿರುತ್ತಾರೆ. ತೆರೆ ವಾಪಸ್ ಹೋಗುವಾಗ ಕಾಲ ಕೆಳಗಿನ ಹೊಯಿಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಹೊಯಿಗೆ ಅಂದರೆ ನೀವು ಮರಳು ಅನ್ನುತ್ತೀರಲ್ಲ, ಅದೇ. ಮಗು ಬೀಳುವುದು ಆಗಲೇ.

ಎರಡು ಕಡೆ ಮೊಣಕಾಲಿನ ತನಕವೂ ಬೇಡ. ಒಂದು, ಅಳಿವೆ, ಅಂದರೆ ನದಿ ಕಡಲಿಗೆ ಸೇರುವ ಜಾಗ. ಅಲ್ಲಿ ನದಿಯ ಸೆಳೆತ ಮತ್ತು ಕಡಲಿನ ಉಬ್ಬರ-ಇಳಿತ ಒಂದಕ್ಕೊಂದು ಸೇರಿ ನೀರು ಯಾವಾಗ ಯಾವ ಕಡೆ ಎಳೆಯುತ್ತದೆ ಅಂತ ಹೇಳಲಿಕ್ಕಾಗದು. ಮೇಲೆ ನೋಡಿದರೆ ಕೆರೆಯ ಹಾಗೆ ಸುಮ್ಮನಿರುತ್ತದೆ. ಇನ್ನೊಂದು, ಸುತ್ತ ತೆರೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿರುವ ಜಾಗ. ಹೊರಗಿನವರು ಅದನ್ನೇ ಸೇಫ್ ಅಂದುಕೊಂಡು ಇಳಿಯುತ್ತಾರೆ. ದಡಕ್ಕೆ ಬಂದ ನೀರು ವಾಪಸ್ ಕಡಲಿಗೆ ಓಡುವ ದಾರಿ ಅದು. ಲೈಫ್‌ಗಾರ್ಡ್ ಸೀಟಿ ಊದಿದರೆ ವಾದ ಬೇಡ ಮಾರಾಯ್ರೆ, ಮೇಲೆ ಬನ್ನಿ.

ಉಬ್ಬರ ಎಷ್ಟು ಹೊತ್ತಿಗೆ ಅಂತ ದಡದಲ್ಲಿರುವ ಮೀನುಗಾರರನ್ನು ಕೇಳಿ. ನಿನ್ನೆ ಇದ್ದ ಹೊತ್ತಿಗಿಂತ ಇವತ್ತು ಸುಮಾರು 50 ನಿಮಿಷ ತಡ, ಅದು ಪ್ರತಿದಿನದ ಲೆಕ್ಕ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಇನ್ನೂ ಮೇಲೆ ಬರುತ್ತದೆ. ನೀವು ಚಾಪೆ ಹಾಸಿದ ಜಾಗವನ್ನು ಅರ್ಧ ಗಂಟೆಯಲ್ಲಿ ಕಡಲು ಕೇಳಿಕೊಂಡು ಬರಬಹುದು.

ಜನ ಕಡಿಮೆ ಇರುವ ಬೀಚ್ ಯಾವುದು?

ಹೂಡೆ ಮತ್ತು ಅಲ್ಲಿಂದ ಮುಂದೆ ಕೋಡಿ ಬೆಂಗ್ರೆ. ಮಲ್ಪೆಯಲ್ಲಿ ಒಂಟೆ, ಕುದುರೆ, ಚರುಮುರಿ, ಗದ್ದಲ ಎಲ್ಲ ಇದೆ. ಕೆಲವು ಮಕ್ಕಳಿಗೆ ಅದೇ ಇಷ್ಟ, ತಪ್ಪೇನಿಲ್ಲ. ನಮಗೆ ಇಷ್ಟ ಬೆಂಗ್ರೆ ಕಡೆಯ ದಾರಿ. ಹೋಗುತ್ತಾ ಹೋಗುತ್ತಾ ನೆಲ ಕಿರಿದಾಗುತ್ತದೆ. ಎಡಗಡೆ ಕಡಲು, ಬಲಗಡೆ ನದಿ, ನಡುವೆ ಒಂದು ರಸ್ತೆ, ತೆಂಗಿನ ಮರ, ಮನೆಗಳು. ಅಂಗಳದಲ್ಲಿ ಬಲೆ ಹರಡಿಕೊಂಡು ಹೊಲಿಯುವವರು. ಕೊನೆಯಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳು ಸೇರಿ ಕಡಲಿಗೆ ಹೋಗುತ್ತವೆ. ಅದೇ ಅಳಿವೆ, ಮೇಲೆ ಹೇಳಿದ್ದು ನೆನಪಿರಲಿ. ನೋಡಲು ಮಾತ್ರ. ನದಿಯ ಬದಿಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರು ನೀರಿನಿಂದ ಮೇಲೆದ್ದು ನಿಂತಿರುವುದನ್ನು ಮಕ್ಕಳಿಗೆ ತೋರಿಸಿ.

ಹೂಡೆಯಲ್ಲಿ ಒಂದು ಸಂಜೆ ಮಗಳಿಗೆ ಒಂದು ತೂತು ಸಿಕ್ಕಿತು. ಹೆಬ್ಬೆರಳು ಹೋಗುವಷ್ಟು ದೊಡ್ಡದು. ತೂತಿನ ಹೊರಗೆ ಹೊಯಿಗೆಯ ಸಣ್ಣ ಸಣ್ಣ ಉಂಡೆ, ಯಾರೋ ಸಾಬಕ್ಕಿ ಚೆಲ್ಲಿದ ಹಾಗೆ. "ಏಡಿಯ ಮನೆ" ಅಂದೆ. ಅವಳು ಕುಕ್ಕರುಗಾಲಲ್ಲಿ ಕೂತಳು. ಮಾತಾಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಮೊದಲು ಎರಡು ಕಣ್ಣು ಬಂತು, ಕಡ್ಡಿಯ ತುದಿಗೆ ಸಾಸಿವೆ ಅಂಟಿಸಿದಂತೆ. ಆಮೇಲೆ ಒಂದು ಕಾಲು. ಆಮೇಲೆ ಪೂರ್ತಿ ಏಡಿ, ಹೊಯಿಗೆಯದ್ದೇ ಬಣ್ಣ. ಕಾಲಲ್ಲಿ ಒಂದು ಮುಷ್ಟಿ ಹೊಯಿಗೆ ಅಪ್ಪಿ ಹಿಡಿದು ತಂದು ಹೊರಗೆ ಎಸೆದು, ಒಳಗೆ ಓಡಿತು. ಮಗಳು ಉಸಿರು ಬಿಟ್ಟದ್ದು ಆಗ. ಮತ್ತೆ ಬಂತು, ಮತ್ತೆ ಎಸೆಯಿತು. ಹಿಂದೆ ಸೂರ್ಯ ಮುಳುಗುತ್ತಾ ಇದ್ದ, ಬೀಚಿಗೆ ಬಂದ ಎಲ್ಲರೂ ಆ ಕಡೆ ಫೋಟೋ ತೆಗೆಯುತ್ತಾ ಇದ್ದರು. ಅವಳು ತಿರುಗಿಯೂ ನೋಡಲಿಲ್ಲ. ಮುಕ್ಕಾಲು ಗಂಟೆ.

ಹೀಗಿರುವಾಗ ಐದು ಜಾಗ ಯಾಕೆ ಬೇಕು ಹೇಳಿ?

ಶೌಚಾಲಯ, ಬಟ್ಟೆ ಬದಲಿಸುವ ಜಾಗ ಎಲ್ಲ ಇರುವ ಬೀಚ್ ಇದೆಯಾ?

ಪಡುಬಿದ್ರಿ. ಅಲ್ಲಿನ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಸ್ವಚ್ಛತೆ, ನೀರಿನ ಗುಣಮಟ್ಟ, ಸುರಕ್ಷತೆ ಎಲ್ಲ ನೋಡಿ ಕೊಡುವ ಮಾನ್ಯತೆ ಅದು. ಪ್ರವೇಶ ಟಿಕೆಟ್ ಇದೆ. ಡೈಪರ್ ಹಾಕುವ ಮಗು ಇರುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಮಂಗಳೂರು-ಉಡುಪಿ ಹೆದ್ದಾರಿಯ ನಡುವೆಯೇ ಸಿಗುತ್ತದೆ.

ಕಾಪು ದೀಪಸ್ತಂಭ ಹತ್ತಬಹುದಾ?

ಸಂಜೆ ಸ್ವಲ್ಪ ಹೊತ್ತು ಮಾತ್ರ ತೆರೆಯುತ್ತಾರೆ. 1901ರಲ್ಲಿ ಕಟ್ಟಿದ್ದು, ಎತ್ತರ 27 ಮೀಟರ್ ಚಿಲ್ಲರೆ. ಒಳಗಿನ ಮೆಟ್ಟಿಲು ಕಡಿದು. ಐದು ವರ್ಷದ ಮೇಲಿನವರು ಖುಷಿಯಿಂದ ಹತ್ತುತ್ತಾರೆ. ಅದಕ್ಕಿಂತ ಚಿಕ್ಕವರನ್ನು ಎತ್ತಿಕೊಂಡು ಹತ್ತಿದರೆ ಮರುದಿನ ನಿಮ್ಮ ತೊಡೆ ನಿಮ್ಮ ಮಾತು ಕೇಳುವುದಿಲ್ಲ. ಕೆಳಗಿನ ಬಂಡೆಯ ಮೇಲೆ ಪಾಚಿ ಇದ್ದರೆ ಹೋಗಬೇಡಿ.

ಕಡಲು ಬೇಡ. ಕಾಡು, ಕೆರೆ ಅಂತ ಏನಾದರೂ?

ವರಂಗ. ಇದನ್ನು ಹೇಳಲು ನನಗೆ ಸ್ವಲ್ಪ ಹೊಟ್ಟೆಕಿಚ್ಚು, ಎಲ್ಲರೂ ಹೋಗಲು ಶುರು ಮಾಡಿದರೆ ಗದ್ದಲವಾಗುತ್ತದೆ ಅಂತ. ಕಾರ್ಕಳದಿಂದ ಹೆಬ್ರಿಗೆ ಹೋಗುವ ದಾರಿಯಲ್ಲಿ, ಮುನಿಯಾಲಿನ ಹತ್ತಿರ. ಒಂದು ಕೆರೆ, ಕೆರೆಯ ನಡುವೆ ಒಂದು ಪುಟ್ಟ ಜೈನ ಬಸದಿ. ಸುತ್ತ ಗದ್ದೆ, ತೆಂಗು, ಹಿಂದೆ ಘಟ್ಟದ ನೀಲಿ ಸಾಲು. ಬಸದಿಗೆ ಸೇತುವೆ ಇಲ್ಲ. ಚಿಕ್ಕ ದೋಣಿಯಲ್ಲೇ ಹೋಗಬೇಕು. ಐದು ನಿಮಿಷದ ದಾರಿ, ಆದರೆ ಮಕ್ಕಳ ಮಟ್ಟಿಗೆ ಅದೊಂದು ಸಮುದ್ರಯಾನ.

ದೋಣಿಯಲ್ಲಿ ಎಂಜಿನ್ ಇಲ್ಲ, ಸದ್ದಿಲ್ಲ. ನೀರಿಗೆ ಹುಟ್ಟು ಹಾಕುವ "ಚಳಕ್" ಅನ್ನುವ ಸದ್ದು ಮಾತ್ರ. ತಾವರೆಯ ಎಲೆ ದೋಣಿಯ ಹೊಟ್ಟೆಗೆ ಒರಸಿಕೊಂಡು ಹೋಗುವುದು ಕೇಳಿಸುತ್ತದೆ. ನನ್ನ ಮಗ ಸಾಮಾನ್ಯವಾಗಿ ಒಂದು ನಿಮಿಷ ಬಾಯಿ ಮುಚ್ಚುವವನಲ್ಲ, ಅಲ್ಲಿ ಪಿಸುಮಾತಿನಲ್ಲಿ "ಅಮ್ಮಾ, ಮೀನು" ಅಂದ. ಯಾರೂ ಹೇಳಿಕೊಟ್ಟದ್ದಲ್ಲ. ಬಸದಿಯೊಳಗೆ ನಾಲ್ಕು ದಿಕ್ಕಿಗೂ ಮುಖ ಮಾಡಿ ತೀರ್ಥಂಕರರು ಇದ್ದಾರೆ. ಒಂದು ಸುತ್ತು ಬಂದರೆ ನಾಲ್ಕು ಬಾಗಿಲು, ನಾಲ್ಕು ಬಾಗಿಲಿನಾಚೆಯೂ ನೀರು.

ಇದು ಪೂಜೆ ನಡೆಯುವ ಜಾಗ, ಪಿಕ್‌ನಿಕ್ ಜಾಗ ಅಲ್ಲ. ಬಸದಿಯಲ್ಲಿ, ಕೆರೆಯ ದಂಡೆಯಲ್ಲಿ ಮೊಟ್ಟೆ-ಮಾಂಸದ ಬುತ್ತಿ ಬಿಚ್ಚಬೇಡಿ. ದೋಣಿಯಲ್ಲಿ ಮಕ್ಕಳನ್ನು ನಡುವೆ ಕೂರಿಸಿ.

ಆಗುಂಬೆಗೆ ಹೋದರೆ ಮಗು ವಾಂತಿ ಮಾಡಿಕೊಳ್ಳುತ್ತಾ?

ಮಾಡಿಕೊಳ್ಳುವ ಮಗು ಮಾಡಿಕೊಳ್ಳುತ್ತದೆ. ಉಡುಪಿಯಿಂದ ಆಗುಂಬೆ ಸುಮಾರು 55 ಕಿಲೋಮೀಟರ್. ಹೆಬ್ರಿ, ಸೋಮೇಶ್ವರ ತನಕ ಚಿಂತೆ ಇಲ್ಲ. ಆಮೇಲೆ ಘಾಟಿ, 14 ಕಡಿದಾದ ತಿರುವು. ಘಾಟಿಗೆ ಮೊದಲು ಹಾಲು, ಎಣ್ಣೆ ತಿಂಡಿ, ಚಾಕೊಲೇಟ್ ಬೇಡ. ಹಾಗಂತ ಖಾಲಿ ಹೊಟ್ಟೆಯೂ ಬೇಡ. ಎರಡು ಇಡ್ಲಿ ಸಾಕು. ಮೊಬೈಲ್ ಕೈಗೆ ಕೊಡಲೇಬೇಡಿ, ತಲೆ ತಿರುಗುವುದು ಅದರಿಂದಲೇ ಜಾಸ್ತಿ. ಕಿಟಕಿಯಾಚೆ ದೂರ ನೋಡಲಿ. ಹೆಬ್ರಿಯಲ್ಲಿ ಇಳಿದು ಹತ್ತು ನಿಮಿಷ ಓಡಾಡಿಸಿ ಮೇಲೆ ಹತ್ತಿ. ನಮ್ಮ ಅತ್ತೆ ಲಿಂಬೆ ಕೈಯಲ್ಲಿ ಕೊಡುತ್ತಾರೆ, ಮೂಸುತ್ತಾ ಕೂತರೆ ಆಯಿತು ಅಂತ. ಔಷಧಿಯ ಲೆಕ್ಕದಲ್ಲಿ ಹೇಳುತ್ತಿಲ್ಲ, ನಮ್ಮ ಮಗನಿಗೆ ಆಗಿಬಂದಿದೆ.

ಸೋಮೇಶ್ವರದಿಂದ ಮೇಲೆ ಅಭಯಾರಣ್ಯ. ಸಿಂಗಳೀಕ ಇರುವ ಕಾಡು, ಅದೃಷ್ಟವಿದ್ದರೆ ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು. ದಾರಿ ಬದಿಯ ಮಂಗಗಳಿಗೆ ಬಾಳೆಹಣ್ಣು ಕೊಡಬೇಡಿ, ಮಗುವಿನ ಕೈಯಲ್ಲಿ ಚಿಪ್ಸ್ ಪ್ಯಾಕೆಟ್ ಇಟ್ಟು ಕೆಳಗಿಳಿಸಬೇಡಿ. ಒಂದು ಸಲ ಕೊಟ್ಟವರು ನಾವಲ್ಲ, ಆದರೆ ಕಿತ್ತುಕೊಂಡದ್ದು ನಮ್ಮ ಮಗಳ ಕೈಯಿಂದ.

ಸೂರ್ಯಾಸ್ತ ನೋಡಲೇಬೇಕೆಂದರೆ ಹೊತ್ತು ತಿಳಿದಿರಲಿ. ನವೆಂಬರಿನಲ್ಲಿ 6 ಗಂಟೆಗೇ ಮುಳುಗುತ್ತಾನೆ. ಕತ್ತಲಲ್ಲಿ, ಮಂಜಿನಲ್ಲಿ, ಅಳುವ ಮಗುವಿನ ಜತೆ ಘಾಟಿ ಇಳಿಯುವುದು ಯಾರಿಗೂ ಬೇಡ. ನಾವು ಈಗ ಬೆಳಗ್ಗೆಯೇ ಹೋಗಿ ಬರುತ್ತೇವೆ.

ಕೂಡ್ಲು ತೀರ್ಥ ಜಲಪಾತ?

ಚಿಕ್ಕ ಮಕ್ಕಳ ಜತೆ ಬೇಡ. ಚಂದದ ಜಾಗ, ಅನುಮಾನ ಇಲ್ಲ. ಆದರೆ ಕಾಡಿನ ದಾರಿಯಲ್ಲಿ ನಡೆಯಬೇಕು, ಕಲ್ಲು ಜಾರುತ್ತದೆ, ಕೆಳಗಿನ ಗುಂಡಿ ಆಳ. ಎಂಟು-ಹತ್ತು ವರ್ಷ ಆಗಲಿ, ಜಲಪಾತ ಎಲ್ಲಿಗೂ ಹೋಗುವುದಿಲ್ಲ.

ನಮಗೆ ರಜೆ ಇರುವುದೇ ಜುಲೈಯಲ್ಲಿ. ಮಳೆಯಲ್ಲಿ ಏನು ಮಾಡುವುದು?

ಕಡಲನ್ನು ದೂರದಿಂದ ನೋಡಿ, ಅಷ್ಟೇ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಯೂ ಬಂದ್. ದಿನಾ ಕಡಲಲ್ಲೇ ಬದುಕುವವರು ದಡದಲ್ಲಿ ಕೂತಿರುವಾಗ ನಾವು ನೀರಿಗೆ ಇಳಿಯುವುದು ಯಾವ ಜಾಣತನ? ಹೊಳೆ, ತೋಡು, ಜಲಪಾತವೂ ಬೇಡ. ಇಲ್ಲಿ ಬಿಸಿಲಿದ್ದರೂ ಘಟ್ಟದಲ್ಲಿ ಸುರಿದ ನೀರು ಒಮ್ಮೆಲೇ ಬರುತ್ತದೆ.

ಆದರೆ ಮಳೆಗಾಲದಲ್ಲಿ ಮಕ್ಕಳಿಗೆ ನೋಡಲು ಇಲ್ಲ ಅನ್ನಬೇಡಿ. ಹಳ್ಳಿಯ ಕಡೆ ಪರಿಚಯದವರ ಗದ್ದೆ ಇದ್ದರೆ ನೇಜಿ (ಭತ್ತದ ಸಸಿ) ನೆಡುವ ದಿನ ಹೋಗಿ. ಮನೆಯವರನ್ನು ಕೇಳಿ ಮಕ್ಕಳನ್ನು ಕೆಸರಿಗೆ ಬಿಡಿ. ಕಪ್ಪೆ, ಬಸವನಹುಳ, ಹುಲ್ಲಿನ ತುದಿಯ ನೀರಹನಿ. ತುಳುವರ ಆಟಿ ತಿಂಗಳಾದರೆ (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ) ಕೆಸುವಿನ ಎಲೆಯ ಪತ್ರೊಡೆ ಸಿಕ್ಕೀತು. ಎರಡು ಜತೆ ಬಟ್ಟೆ ಸಾಲದು, ಮೂರು ತನ್ನಿ. ನಮ್ಮಲ್ಲಿ ಜುಲೈಯಲ್ಲಿ ಒಗೆದದ್ದು ಒಣಗುವುದು ಆಗಸ್ಟಿನಲ್ಲಿ.

ಉಂಬಳ (ಜಿಗಣೆ), ಹಾವು ಇರುತ್ತವಾ?

ಮಳೆಗಾಲದಲ್ಲಿ ಘಟ್ಟದ ಬದಿ ಉಂಬಳ ಇದ್ದೇ ಇರುತ್ತದೆ. ಎಳೆದು ಕೀಳಬೇಡಿ, ಉಪ್ಪು ಮುಟ್ಟಿಸಿ. ರಕ್ತ ಸ್ವಲ್ಪ ಹೊತ್ತು ನಿಲ್ಲುವುದಿಲ್ಲ, ಹೆದರಬೇಡಿ. ನೀವು ಕಿರುಚಿದರೆ ಮಗುವೂ ಕಿರುಚುತ್ತದೆ. ನೀವು "ಓ, ಬಂದ್ಯಾ?" ಅಂದರೆ ಅದೂ ನಗುತ್ತದೆ. ಹಾವಿಗೆ ಒಂದೇ ಮಾತು, ತರಗೆಲೆಯಲ್ಲಿ ಕಲ್ಲಿನ ಸಂದಿಯಲ್ಲಿ ಕೈ ಹಾಕಬಾರದು. ಕಚ್ಚಿತು ಅನ್ನುವ ಅನುಮಾನ ಬಂದರೂ ಹಗ್ಗ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಮಗುವನ್ನು ನಡೆಸದೆ ನೇರ ಆಸ್ಪತ್ರೆಗೆ. ಆಂಬುಲೆನ್ಸ್‌ಗೆ 108.

ಅಂದ ಹಾಗೆ, ಅಡಿಕೆ ತೋಟದಲ್ಲಿ ನಿಂತು ಮರದ ಕಾಂಡ ನೋಡುತ್ತಾ ಇರಿ. ಹಾರುವ ಓತಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿದ್ದು ಕಂಡರೆ ಮಕ್ಕಳು ಡೈನೋಸಾರ್ ಮರೆಯುತ್ತಾರೆ.

ಊಟಕ್ಕೆ ಏನು ಮಾಡುವುದು?

ಬೆಳಗ್ಗೆ ಹೋಟೆಲಿನಲ್ಲಿ ಬನ್ಸ್ ಅಥವಾ ನೀರುದೋಸೆ. ನೀರುದೋಸೆಗೆ ಖಾರದ ಚಟ್ನಿ ಬೇಡ, ಕಾಯಿ-ಬೆಲ್ಲ ಇದೆಯಾ ಕೇಳಿ. ಮಧ್ಯಾಹ್ನದ್ದು ಮನೆಯಿಂದ ಮೊಸರನ್ನ ಒಯ್ಯಿರಿ. ಸೆಕೆಗೆ ಬೇಗ ಹುಳಿಯಾಗುತ್ತದೆ, ಹಾಗಾಗಿ ಹಾಲು ಜಾಸ್ತಿ, ಮೊಸರು ಒಂದೇ ಚಮಚ ಹಾಕಿ ಕಲಸಿ. ಹನ್ನೆರಡೂವರೆಯೊಳಗೆ ಉಣ್ಣಿಸಿಬಿಡಿ. ಬಾಯಾರಿಕೆಗೆ ಬೊಂಡ, ಇಲ್ಲವೇ ಪುನರ್ಪುಳಿ ಶರಬತ್ತು. ಸಂಜೆ ಗೋಳಿಬಜೆ ಬಿಸಿ ಬಿಸಿ ಕೊಡುವಾಗ ಮುರಿದು ಆರಿಸಿ ಕೊಡಿ, ಒಳಗೆ ಹಬೆ ಇರುತ್ತದೆ. ಗಡ್‌ಬಡ್ ಐಸ್‌ಕ್ರೀಂ ಉಡುಪಿಯದ್ದೇ ಹುಟ್ಟು, ತಿನ್ನದೆ ಹೋಗಬೇಡಿ. ಇಬ್ಬರು ಮಕ್ಕಳಿಗೆ ಒಂದು ಸಾಕು ಅಂದುಕೊಳ್ಳುತ್ತೀರಿ. ಸಾಕಾಗುವುದಿಲ್ಲ, ಜಗಳವಾಗುತ್ತದೆ.

ಬ್ಯಾಗಿನಲ್ಲಿ ಏನೇನು ಇರಬೇಕು?

ಟೋಪಿ, ಎರಡು ಜತೆ ಬಟ್ಟೆ, ಹಳೇ ಬೈರಾಸು (ಟವೆಲ್), ಓಆರ್‌ಎಸ್ ಎರಡು ಪ್ಯಾಕೆಟ್, ಬ್ಯಾಂಡೇಜ್, ಸೊಳ್ಳೆಗೆ ಹಚ್ಚುವುದು. ಮತ್ತೆ ಎರಡು ಖಾಲಿ ಚೀಲ: ಒಂದು ಒದ್ದೆ ಬಟ್ಟೆಗೆ, ಒಂದು ಕಸಕ್ಕೆ. ಡೈಪರನ್ನು ಹೊಯಿಗೆಯಲ್ಲಿ ಹೂಳಿ ಬರುವವರನ್ನು ಕಣ್ಣಾರೆ ನೋಡಿದ್ದೇನೆ, ದಯವಿಟ್ಟು ಬೇಡ. ಒಂದು ಸಣ್ಣ ಡಬ್ಬಿ ಬೇಬಿ ಪೌಡರ್ ಇಟ್ಟುಕೊಳ್ಳಿ. ಕಾಲಿಗೆ ಅಂಟಿದ ಹೊಯಿಗೆ ಮೇಲೆ ಉದುರಿಸಿ ಒರೆಸಿದರೆ ಹೊಯಿಗೆ ತಾನೇ ಬಿಡುತ್ತದೆ. ಪೌಡರ್ ಮುಖದ ಹತ್ತಿರ ಹಾರದ ಹಾಗೆ ನೋಡಿಕೊಳ್ಳಿ.

ಕಾರಿಲ್ಲ. ಬಸ್ಸಿನಲ್ಲಿ ಆಗುತ್ತಾ?

ಆಗುತ್ತದೆ. ಉಡುಪಿಯಿಂದ ಮಲ್ಪೆ, ಮಣಿಪಾಲಕ್ಕೆ ಸಿಟಿ ಬಸ್ಸು ಒಂದರ ಹಿಂದೆ ಒಂದು. ಹೂಡೆ, ಕಾಪು, ಪಡುಬಿದ್ರಿ ಕಡೆಗೂ ಇವೆ. ಆಗುಂಬೆ ಘಾಟಿಯಲ್ಲಿ ಮಿನಿ ಬಸ್ಸುಗಳು ಓಡುತ್ತವೆ. ನಮ್ಮ ಖಾಸಗಿ ಬಸ್ಸುಗಳ ವೇಗ ನಿಮಗೆ ಗೊತ್ತೇ ಇದೆ, ಮಗುವನ್ನು ಗಟ್ಟಿ ಹಿಡಿದುಕೊಳ್ಳಿ. ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಮಕ್ಕಳಿಗೆ ಕಾರಿಗಿಂತ ಇದೇ ಇಷ್ಟ.

ನಾವು ಮಂಗಳೂರಿನಲ್ಲಿ ಇಳಿಯುತ್ತೇವೆ. ಅಲ್ಲೇ ಏನಾದರೂ?

ಪಿಲಿಕುಳ. ತುಳುವಿನಲ್ಲಿ ಪಿಲಿ ಅಂದರೆ ಹುಲಿ. ಹುಲಿ ನೀರು ಕುಡಿಯಲು ಬರುತ್ತಿದ್ದ ಕೊಳ ಅಂತ ಹೆಸರು. ಸುಮಾರು 370 ಎಕರೆ ಜಾಗ. ಮೃಗಾಲಯ, ಕೆರೆ, 2018ರಲ್ಲಿ ಶುರುವಾದ ತ್ರೀಡಿ ತಾರಾಲಯ ಎಲ್ಲ ಇವೆ. ಅಲ್ಲಿಯೂ ಅದೇ ಮಾತು: ಎಲ್ಲ ಒಂದೇ ದಿನ ಬೇಡ. ಮೃಗಾಲಯ ಅಂದರೆ ಮೃಗಾಲಯ ಮಾತ್ರ. ಸೋಮವಾರ ರಜೆ, ನಾವೊಮ್ಮೆ ಗೇಟ್ ನೋಡಿ ಬಂದಿದ್ದೇವೆ. ಸಂಜೆಗೆ ತಣ್ಣೀರುಬಾವಿ ಬೀಚ್, ಮರಗಳ ನೆರಳು ಚೆನ್ನಾಗಿದೆ. ಸುಲ್ತಾನ್ ಬತ್ತೇರಿ ಕಡೆಯಿಂದ ದೋಣಿ ಓಡುವ ದಿನವಾದರೆ ಗುರುಪುರ ನದಿ ದಾಟಿಯೇ ಹೋಗಿ.

ಅಜ್ಜಿ-ಅಜ್ಜನನ್ನೂ ಕರೆದುಕೊಂಡು ಹೋಗಬಹುದಾ?

ಕರೆದುಕೊಂಡೇ ಹೋಗಿ. ಏಡಿಯ ತೂತಿನ ಮುಂದೆ ಮುಕ್ಕಾಲು ಗಂಟೆ ಕೂರುವ ತಾಳ್ಮೆ ಇರುವುದು ಅವರಿಗೆ ಮಾತ್ರ. ಒಂದು ಮಡಚುವ ಕುರ್ಚಿ ಕಾರಿನಲ್ಲಿ ಇರಲಿ.

ಹೋಗಿ ಅರ್ಧ ಗಂಟೆಗೆ ಮಗು "ಮನೆಗೆ ಹೋಗೋಣ" ಅಂತ ಹಠ ಹಿಡಿದರೆ?

ಮೊದಲು ನೀರು, ಆಮೇಲೆ ತಿಂಡಿ, ಆಮೇಲೆ ನೆರಳು. ಮೂರೂ ಆದ ಮೇಲೂ ಹಠವಾದರೆ ಮನೆಗೆ ಬನ್ನಿ. ಟಿಕೆಟಿನ ದುಡ್ಡು ಹೋಯಿತು ಅಂತ ಎಳೆದಾಡಿದರೆ ಇಡೀ ದಿನ ಹೋಗುತ್ತದೆ.

ಚಿಪ್ಪು ಆರಿಸಿ ಮನೆಗೆ ತರಬಹುದಾ?

ದ್ವೀಪದ ಕಲ್ಲು ತರಬೇಡಿ, ಅದು ಸ್ಮಾರಕ. ಬೀಚಿನಲ್ಲಿ ಬಿದ್ದ ಖಾಲಿ ಕಪ್ಪೆಚಿಪ್ಪು ಒಂದು ಮುಷ್ಟಿ ತಂದರೆ ಪರವಾಗಿಲ್ಲ. ಆದರೆ ಸುರುಳಿ ಚಿಪ್ಪನ್ನು ಅಂಗೈಯಲ್ಲಿಟ್ಟು ಎರಡು ನಿಮಿಷ ಅಲುಗಾಡದೆ ಕಾಯಿರಿ. ಒಳಗೆ ಯಾರಾದರೂ ಇರಬಹುದು.

ನಾವು ಕಾಯಲಿಲ್ಲ. ಮಲ್ಪೆಯಿಂದ ಬಂದ ರಾತ್ರಿ ಹತ್ತೂವರೆಗೆ ಬಚ್ಚಲಿನಲ್ಲಿ "ಟಕ್ ಟಕ್" ಸದ್ದು. ದೀಪ ಹಾಕಿ ನೋಡಿದರೆ ಮಗಳ ಬಕೆಟಿನಿಂದ ಒಂದು ಚಿಪ್ಪು ಹೊರಗೆ ಬಂದು ಗೋಡೆಯ ಅಂಚಿನಲ್ಲಿ ನಡೆದುಕೊಂಡು ಹೋಗುತ್ತಾ ಇದೆ. ಸನ್ಯಾಸಿ ಏಡಿ. ಬೇರೆಯವರ ಚಿಪ್ಪಿನಲ್ಲಿ ಬಾಡಿಗೆಗೆ ಇರುವವನು. ಒದ್ದೆ ಹೊಯಿಗೆ ಇದ್ದ ಬಕೆಟಿನಲ್ಲೇ ಮತ್ತೆ ಇಟ್ಟು, ಮೇಲೆ ಜರಡಿ ಮುಚ್ಚಿ ಮಲಗಿದೆವು. ಬೆಳಗ್ಗೆ ಆರಕ್ಕೆ ಮಗಳು ಎದ್ದು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಕೆಟ್. ಇವರು ಹಲ್ಲೂ ಉಜ್ಜದೆ ಸ್ಕೂಟರ್ ತೆಗೆದರು. ಅದು ಹೊಯಿಗೆಯ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಲು ಹೊರಗೆ ಹಾಕಿ, ನೀರಿನ ಕಡೆ ಹೋಗುವ ಬದಲು ಇವರ ಚಪ್ಪಲಿಯ ಕಡೆ ಹೊರಟಿತಂತೆ. ಮೂರು ಸಲ ತಿರುಗಿಸಿ ಬಿಟ್ಟ ಮೇಲೆ ಸರಿಯಾದ ದಾರಿ ಹಿಡಿಯಿತು. ಇವರಿಗೆ ಆಫೀಸಿಗೆ ಅರ್ಧ ಗಂಟೆ ತಡ.